ಬಸ್ಸಮ್ಮ

ಒರಗಿಸಲು ಬೇರೇನೂ ಇರಲಿಲ್ಲ.
ಸಿಲ್ವರ್ ಮರಗಳಿಗೆಲ್ಲ ಮೆಣಸಿನ ಬಳ್ಳಿ,
ಬೇಲಿಗೆ ಮುಳ್ಳುತಂತಿ.
ನಾಲ್ಕು ಚೀಲ ಹೊತ್ತ ಸೈಕಲ್ಲನ್ನು
ಕುದುರೆಯೇರಿದ ವೀರನೊಬ್ಬನ ಕಲ್ಲಿಗೆ ಆನಿಸಿ
ಕ್ಷಮಿಸಪ್ಪ ಎಂದೆ. ಹಿಂದಿನ ಚಕ್ರ
ಕೊನೆಯ ಉಸಿರು ಬಿಡುತ್ತಿತ್ತು.

ಬೀದರ್ ಬಿಟ್ಟು ಇಪ್ಪತ್ತಮೂರನೆಯ ದಿನ.
ಕೊಡ್ಲಿಪೇಟೆಯಲ್ಲಿ ಗಾಳಿ ಹಾಕಿದ ಹುಡುಗ
ಶನಿವಾರಸಂತೆ ದಾಟಿ ಬಲಕ್ಕೆ ಹೋಗಿ,
ಹಳೇ ಗುಡಿಯಿದೆ, ದೇವರಿಲ್ಲ, ಎಂದಿದ್ದ,
ನಲ್ಲಿಯಿದೆ ನೀರಿಲ್ಲ ಎನ್ನುವಷ್ಟು ಸಲೀಸಾಗಿ.

ನಿಜ. ದೇವರಿರಲಿಲ್ಲ.
ಗೋಡೆಯೂ ಇರಲಿಲ್ಲ. ಬಾಗಿಲವಾಡವೊಂದು ಮಾತ್ರ
ಒಳಗು ಹೊರಗು ಎಂಬ ಭೇದವನ್ನು
ಒಂಟಿಯಾಗಿ ಕಾಯುತ್ತ ನಿಂತಿತ್ತು.
ಪಕ್ಕದಿಂದ ನುಗ್ಗಬಹುದಿತ್ತು.
ಹೆಲ್ಮೆಟ್ ತೆಗೆದು, ಬಗ್ಗಿ, ಅದರೊಳಗಿಂದಲೇ ಹೋದೆ.

ಬೆಳಗಿನಿಂದ ಮೂಗಿನ ತುಂಬ ಕಾಫಿ ಹೂವು.
ಮೂರು ದಿನದ ಬಿಳುಪು ಅಂಚಿನಲ್ಲಿ ಕಂದುತ್ತಿತ್ತು.
ಕಂಬವೊಂದರ ಮೈ, ನನ್ನ ತಲೆಗಿಂತ ಎತ್ತರದಲ್ಲಿ,
ಎಣ್ಣೆ ಸವರಿದಂತೆ ನುಣುಪು.
ಶಿಲ್ಪಿಯ ಕೈಚಳಕ ಎಂದು ಬರೆದುಕೊಳ್ಳುತ್ತಿದ್ದೆ.
"ಆನೆ ಬೆನ್ನು ಉಜ್ಜೋದು ಅಲ್ಲಿ" ಎಂದಿತು
ಹುಲ್ಲುಹೊರೆಯ ಕೆಳಗಿನಿಂದ ಒಂದು ದನಿ. ಹೆಸರು ಹೂವಮ್ಮ.
ಬರೆದದ್ದನ್ನು ಹೊಡೆದುಹಾಕಿದೆ.
ನನ್ನ ಹೆಸರೂ ಕೇಳಿದಳು. ತಹಸೀನ್, ಎಂದೆ.

ತೂತು ಹುಡುಕಲು ನೀರು ಬೇಕಿತ್ತು.
ತೋಡು ಒಣಗಿದೆ, ಪಂಪಿನ ಮನೆಗೆ ಬೀಗ.
ಹೂವಮ್ಮ ಗರ್ಭಗುಡಿಯ ಕಡೆ ಗಲ್ಲ ತೋರಿಸಿದಳು:
ಪೀಠ. ಮೂರ್ತಿ ಕಿತ್ತುಹೋದಲ್ಲಿ ಚೌಕದ ಕುಳಿ,
ಕುಳಿಯ ತುಂಬ ಮೊನ್ನೆಯ ಹೂಮಳೆ,
ಮೇಲೆ ಎರಡು ಎಲೆ, ಒಂದು ಸತ್ತ ಜೇನು.
ಇದರಲ್ಲಾ? ನಾನಾ?
"ನಮ್ಮ ಕರು ಕುಡೀತದೆ. ನಿಮ್ಮ ರಬ್ಬರಿಗೇನು ಮಡಿ?"

ಟ್ಯೂಬು ಮುಳುಗಿಸಿದೆ, ಗೇಣು ಗೇಣಾಗಿ ಸರಿಸುತ್ತ,
ನನ್ನಜ್ಜಿ ತಸ್ಬಿಯ ಮಣಿ ಸರಿಸುತ್ತಿದ್ದ ಹಾಗೆ.
ಒಂದು ಗುಳ್ಳೆ. ಆಮೇಲೆ ಸಾಲು.
ಕೊಡ್ಲಿಪೇಟೆಯ ಹುಡುಗ ಒತ್ತಿ ತುಂಬಿದ ಗಾಳಿ
ಯಾವುದೋ ಕಾಲದ ಖಾಲಿಯೊಳಗಿಂದ ಎದ್ದು
ಮುಖಕ್ಕೆ ಸಿಡಿಯಿತು.
ಇಬ್ಬರೂ ಬಗ್ಗಿ ನೋಡಿದೆವು. ಆ ಕುಳಿಯ ಮುಂದೆ
ಇಷ್ಟು ಗಮನವಿಟ್ಟು ಯಾರಾದರೂ ತಲೆ ಬಾಗಿಸಿ
ಎಷ್ಟು ವರ್ಷವಾಗಿತ್ತೋ.

ತೇಪೆ ಒಣಗಲು ಹತ್ತು ನಿಮಿಷ.
ಆಗ ಕಂಡದ್ದು ಆ ಕಲ್ಲು: ನೆಲದಿಂದ ಎದ್ದ ಕಂಬ,
ಕಂಬದಿಂದ ಹೊರಟ ತೋಳು, ಮೊಣಕೈಗೆ ಮಡಚಿ ಮೇಲೆತ್ತಿದ್ದು,
ಸಾಲು ಬಳೆ, ಬಿಚ್ಚಿದ ಅಂಗೈ, ಹೆಬ್ಬೆರಳ ಸಂದಿನಲ್ಲಿ ನಿಂಬೆಹಣ್ಣು.
ಗಂಡನ ಚಿತೆಗೆ ನಡೆದವಳು. ಗೊತ್ತು, ಓದಿದ್ದೇನೆ.
ಅವಳ ಮೊಣಕೈಯಲ್ಲಿ ಹೂವಮ್ಮನ ಬುತ್ತಿಚೀಲ ತೂಗುತ್ತಿತ್ತು.
"ಇವಳಾ? ಮಕ್ಕಳು ಬಸ್ಸಮ್ಮ ಅಂತಾವೆ.
ನೋಡಿ, ಬಸ್ಸಿಗೆ ಕೈ ಅಡ್ಡ ಹಿಡಿದಂಗೆ ಇಲ್ವಾ?"

ನಕ್ಕೆ. ನಗು ಅರ್ಧಕ್ಕೇ ನಿಂತಿತು.
ಅಂಗೈ ನಮ್ಮ ಕಡೆಗೇ ಇದೆ.
ಹರಸಿದ್ದು ಎನ್ನುತ್ತದೆ ಪುಸ್ತಕ.
ನಿಲ್ಲಿಸಿ ಎಂದಿದ್ದರೂ
ಕೈ ಹೀಗೇ ತಾನೇ ಏಳುವುದು.

ಹೂವಮ್ಮ ಚೀಲ ಇಳಿಸಿ ಅಕ್ಕಿರೊಟ್ಟಿ ಮುರಿದಳು,
ದೊಡ್ಡ ತುಂಡು ನನಗೆ. ತಿಂದೆವು.
ಕರು ಬಂದು ಪೀಠದ ನೀರು ಮೂಸಿ
ಸೊಲ್ಯೂಷನ್ನಿನ ವಾಸನೆಗೆ ಸೀನಿ, ಆದರೂ ಕುಡಿಯಿತು.

ಡಾಂಬರಿಗೆ ಬಂದಾಗ ನಾಲ್ಕೂವರೆ.
ಸೋಮವಾರಪೇಟೆ ಬಲಕ್ಕೆ. ಅಬ್ಬಾ ಕಲಿಸಿದಂತೆ
ತಿರುಗುವ ಮುಂಚೆ ಕೈ ಚಾಚಿದೆ.
ಬರುತ್ತಿದ್ದ ಬಸ್ಸು ಕಿರ್ರೆಂದು ನಿಂತೇಬಿಟ್ಟಿತು.
"ಸೈಕಲ್ ಮೇಲೆ ಹಾಕೋಣ, ಹತ್ತಿ" ಎಂದ ಕಂಡಕ್ಟರ್.
ಇಲ್ಲಣ್ಣ, ತಿರುಗುತ್ತಿದ್ದೇನೆ ಅಷ್ಟೆ.
"ಮತ್ತೆ ಕೈ ಯಾಕೆ ಹಿಡಿದದ್ದು?"

ಗೊಣಗುತ್ತ ಹೋಯಿತು ಬಸ್ಸು.
ಚಾಚಿದ ಕೈಯನ್ನು ಯಾವಾಗ ಇಳಿಸುವುದೋ ತಿಳಿಯದೆ
ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು
ಇಳಿಜಾರಿನ ಮೊದಲ ತಿರುವಿನವರೆಗೂ ಹೋದೆ.